ಕೆರೆಯ ಉಸಿರು

ಸಂಜೆಯಾಯಿತೆಂದರೆ ಮಕ್ಕಳ ಕೈ ಹಿಡಿದು ಕೆರೆಯ ಏರಿಯ ಮೇಲೆ ಗಾಳಿಸೇವನೆಗೆ ಹೊರಡುವ ವಾಡಿಕೆ ಬೆಂಗಳೂರಿನ ಅನೇಕ ಸಂಸಾರಗಳಲ್ಲಿ ಉಂಟು. ಹಸಿರು ನೀರು, ತಂಪು ಗಾಳಿ, ಅಲ್ಲೊಂದು ಇಲ್ಲೊಂದು ನೀರುಕಾಗೆ. ಇಂತಹ ಕೆರೆಗೆ ಕಾಯಿಲೆಯೆಂದರೆ ನಂಬುವವರಾರು? ಆದರೆ 2016ರ ಮಾರ್ಚ್ ತಿಂಗಳಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ ಊರೇ ಮೂಗಿನ ಮೇಲೆ ಬೆರಳಿಟ್ಟಿತು. ಬಳಿಕ ಅದೇ ಮೂಗಿಗೆ ವಸ್ತ್ರ ಹಿಡಿಯಿತು.

ಸಂಜೆ ಸೊಗಸಾಗಿ ಕಂಡ ಕೆರೆಯಲ್ಲಿ ಬೆಳಗಾಗುವುದರೊಳಗೆ ಮೀನುಗಳು ಸಾಯುವುದು ಹೇಗೆ? ನೀರಿನಲ್ಲಿ ಕರಗಿರುವ ಆಮ್ಲಜನಕವೇ ಮೀನಿನ ಉಸಿರು. ಚರಂಡಿಯ ಕೊಳೆ ಕೆರೆಗೆ ಸೇರಿದರೆ, ಅದನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ಈ ಆಮ್ಲಜನಕವನ್ನು ಕಬಳಿಸುವುವು. ಕೊಳೆಯಲ್ಲಿನ ಸಾರಜನಕ, ರಂಜಕಗಳನ್ನುಂಡು ಪಾಚಿಯೂ ಹುಲುಸಾಗಿ ಬೆಳೆಯುವುದು. ಹಗಲಿನಲ್ಲಿ ಪಾಚಿ ಬಿಸಿಲಿನ ಬಲದಿಂದ ನೀರಿಗೆ ಆಮ್ಲಜನಕವನ್ನು ಕೊಡುವುದು. ಇರುಳಾದೊಡನೆ ಕೊಟ್ಟುದನ್ನು ತಾನೇ ಹಿಂದಕ್ಕೆ ಸೆಳೆದುಕೊಳ್ಳುವುದು. ಆದುದರಿಂದ ಮಧ್ಯಾಹ್ನ ಸಿರಿವಂತವಾಗಿದ್ದ ಕೆರೆ ಕೋಳಿ ಕೂಗುವ ಹೊತ್ತಿಗೆ ದಿವಾಳಿ! ಮೀನುಗಾರಿಕೆಗೂ ವನ್ಯಜೀವಿಗಳಿಗೂ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕವಿರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮ.

ತೊಡಕಿರುವುದು ಇಲ್ಲಿಯೇ. ಕಚೇರಿಯ ವೇಳೆಯಲ್ಲಿ ತುಂಬಿಸಿದ ಸೀಸೆ ಕೆರೆಯ ಹಸನ್ಮುಖವನ್ನಷ್ಟೇ ತೋರಿಸೀತು. ಸೂರ್ಯೋದಯಕ್ಕೆ ಮುನ್ನ, ವಾರ ತಪ್ಪದೆ, ದಡಕ್ಕೆ ಬರಬಲ್ಲವರು ಯಾರು? ಪಕ್ಕದ ಬೀದಿಯ ನಿವಾಸಿಗಳು!

ಅವರಿಗೆ ಬೇಕಾದ ಸಲಕರಣೆ ಬಹಳವಿಲ್ಲ. ಮೊದಲನೆಯದು, 20 ಸೆಂಟಿಮೀಟರ್ ಅಗಲದ ಕಪ್ಪು ಬಿಳುಪಿನ ತಟ್ಟೆ. ಇಟಲಿಯ ಪಾದ್ರಿ ಹಾಗೂ ಖಗೋಳಜ್ಞ ಆಂಜೆಲೊ ಸೆಕಿ 1865ರಲ್ಲಿ ಸಮುದ್ರದ ನೀರನ್ನು ಪರೀಕ್ಷಿಸಲು ಬಳಸಿದ ಬಿಳಿಯ ತಟ್ಟೆಯ ಸಂತತಿಯಿದು. ಅಳತೆಯ ಹಗ್ಗದಲ್ಲಿ ಇದನ್ನಿಳಿಸಿ, ಎಷ್ಟು ಆಳದಲ್ಲಿ ಕಣ್ಮರೆಯಾಗುವುದೆಂದು ನೋಡಿದರೆ ನೀರಿನ ತಿಳಿ ಎಷ್ಟೆಂಬುದು ತಿಳಿಯುವುದು. ತಟ್ಟೆ ನೋಡುವುದು ಹಗಲಿನ ಕೆಲಸ; ಆಮ್ಲಜನಕವನ್ನು ಹಿಡಿಯುವುದು ಮುಂಜಾವಿನ ಕೆಲಸ.

ಇದರ ಉಪಾಯವನ್ನು ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದನು. ಗಾಳಿಯ ಗುಳ್ಳೆ ಸೇರದಂತೆ ಸೀಸೆಯಲ್ಲಿ ನೀರು ತುಂಬಿ, ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರ ಬೆರೆತ ಅಯೊಡೈಡನ್ನೂ ಹಾಕಿ, ಬಿರಡೆ ಬಿಗಿದು ಅಲುಗಾಡಿಸಬೇಕು. ಆಮ್ಲಜನಕವಿದ್ದರೆ ಕಂದು ಬಣ್ಣದ ಗಸಿ ಕೂಡುವುದು. ಇಲ್ಲವಾದರೆ ಗಸಿ ಬೆಳ್ಳಗೆ ಉಳಿಯುವುದು. ಇಲ್ಲಿ ಬಿಳುಪು ಶುಭಸೂಚಕವಲ್ಲ! ಮುಂದೆ ಗಂಧಕಾಮ್ಲದಿಂದ ಗಸಿಯನ್ನು ಕರಗಿಸಿ, ಹೈಪೋ ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಟ್ಟು ಪ್ರಮಾಣವನ್ನು ಲೆಕ್ಕ ಹಾಕುವರು. ಆಮ್ಲದ ಕೆಲಸ ತಿಳಿದವರದು. ಮಕ್ಕಳ ಕೈಗೆ ಕೊಡತಕ್ಕದ್ದಲ್ಲ.

ಹಾಗೆಂದು ಪ್ರಯೋಗಶಾಲೆ ಬೇಡವೆನ್ನುವಂತಿಲ್ಲ. ನೀರನ್ನು 27 ಡಿಗ್ರಿ ಉಷ್ಣತೆಯಲ್ಲಿ ಮೂರು ದಿನವಿರಿಸಿ, ಅದರಲ್ಲಿನ ಕೊಳೆ ಎಷ್ಟು ಆಮ್ಲಜನಕವನ್ನು ಬೇಡುವುದೆಂದು ಅಳೆಯಲು ಅಲ್ಲಿಗೇ ಹೋಗಬೇಕು. ಮಲಮೂತ್ರದ ಸೋಂಕನ್ನು ಸೂಚಿಸುವ ಕೋಲಿಫಾರಂ ಜೀವಿಗಳನ್ನು ಎಣಿಸಬೇಕಾದರೂ ಅಷ್ಟೆ; ಶುದ್ಧೀಕರಿಸಿದ ಸೀಸೆಯಲ್ಲಿ ನೀರು ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಅಂದೇ ಒಯ್ಯಬೇಕು. ದಡದವರದು ದಾದಿಯ ಕೆಲಸವಾದರೆ ಪ್ರಯೋಗಶಾಲೆಯದು ವೈದ್ಯನ ಕೆಲಸ. ಜ್ವರದ ಪಟ್ಟಿ ಬರೆಯುವ ದಾದಿಯಿಲ್ಲದಿದ್ದರೆ, ಅಪರೂಪಕ್ಕೊಮ್ಮೆ ಬರುವ ವೈದ್ಯನಿಗೆ ರೋಗದ ಏರಿಳಿತ ತಿಳಿಯುವುದೆಂತು?

2015ರಲ್ಲಿ ಬೆಳ್ಳಂದೂರಿನ ನೊರೆ ರಸ್ತೆಗೆ ಹಾರಿತು. 2017ರ ಫೆಬ್ರವರಿಯಲ್ಲಿ ಆ ಕೆರೆಯಲ್ಲಿ ಬೆಂಕಿಯೇ ಕಾಣಿಸಿಕೊಂಡಿತು. ಆಗ ರೋಗವನ್ನರಿಯಲು ಯಾವ ಸೀಸೆಯೂ ಬೇಕಿರಲಿಲ್ಲ. ಆದರೆ ಬೆಂಕಿಯವರೆಗೆ ಕಾಯಬೇಕೆ?

ಅಳೆದ ಮಾತ್ರಕ್ಕೆ ಕೆರೆ ಗುಣವಾಗದು. ಚರಂಡಿಯ ನೀರು ನಿಲ್ಲಬೇಕು, ಇಲ್ಲವೆ ಶುದ್ಧವಾಗಿ ಬರಬೇಕು. ಆದರೆ “ಕೆರೆ ನಾರುತ್ತಿದೆ” ಎಂಬ ದೂರಿಗೆ “ಪರಿಶೀಲಿಸಲಾಗುವುದು” ಎಂಬ ಉತ್ತರ ಸುಲಭ. ತಾರೀಖು, ಗಂಟೆ, ಜಾಗ, ಅಳತೆಗಳನ್ನು ವರ್ಷವಿಡೀ ಬರೆದಿಟ್ಟ ಪುಸ್ತಕಕ್ಕೆ ಅಷ್ಟು ಸುಲಭದ ಉತ್ತರವಿಲ್ಲ. ಮನೆಯ ಹಾಲಿನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ತಪ್ಪದೆ ಗುರುತಿಡುವ ಗೃಹಿಣಿಯರಿಗೆ ಈ ವಿದ್ಯೆಯನ್ನು ಬೇರೆ ಕಲಿಸಬೇಕೆ?