ಅರವತ್ನಾಲ್ಕು ಅಡಿಯ ಮಂದ್ರ

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಕಡಲತೀರದಲ್ಲಿರುವ ಅಟ್ಲಾಂಟಿಕ್ ಸಿಟಿಯಲ್ಲಿ ಜಗತ್ತಿನ ಅತಿ ದೊಡ್ಡ ಪೈಪ್ ಆರ್ಗನ್ ಇದೆ. ಊರಿನ ಬೋರ್ಡ್‌ವಾಕ್ ಹಾಲ್ ಅದರ ನೆಲೆ. ಕೊಳವೆಗಳೇ 33,000ಕ್ಕೂ ಹೆಚ್ಚು. ನುಡಿಸುವವರ ಮುಂದೆ ಮೆಟ್ಟಿಲು ಮೆಟ್ಟಿಲಾಗಿ, ಬೆರಳಿಂದ ಒತ್ತುವ ಮನೆಗಳ (ಕೀಲಿಗಳ) ಏಳು ಸಾಲು, ಕಾಲಿಗೆ ಇನ್ನೊಂದು ಸಾಲು. ಈ ರಾಶಿಯೊಳಗೆ, ರಂಗದ ಬಲಬದಿಯ ಕೋಣೆಯಲ್ಲಿ, ಮರದ ಕೊಳವೆಗಳ ಒಂದು ಸಾಲು ನಿಂತಿದೆ. ಹೆಸರು ಡಯಾಫೋನ್-ಡುಲ್ಸಿಯನ್, ಅಳತೆ 64 ಅಡಿ. ಸಾಲಿನ ಅತಿ ದೊಡ್ಡ ಕೊಳವೆ ಒಂದೂವರೆ ಟನ್ನಿನಷ್ಟು ತೂಗುತ್ತದೆ. ಹಾಲ್‌ಗೆ ಲಕ್ಷಾಂತರ ಜನ ಬಂದು ಹೋದರೂ ಬಹುಕಾಲ ಈ ಸಾಲಿನ ದನಿ ಯಾರ ಕಿವಿಗೂ ಬಿದ್ದಿರಲಿಲ್ಲ. ಆ ದನಿಯನ್ನು ಮೊದಲು ಕಂಡುಹಿಡಿದವರು ಯಾರು, ಕಳೆದುಹೋದ ಮೇಲೆ ಅದನ್ನು ಮತ್ತೆ ಹುಡುಕಿ ತೆಗೆದದ್ದು ಹೇಗೆ ಎಂಬುದು ನನ್ನನ್ನು ಬಿಡದೆ ಕಾಡಿದ ಕತೆ.

ನಾಟಕ ಕಂಪನಿಗಳ ಕಾಲುಹಾರ್ಮೋನಿಯಂ ಕಂಡವರಿಗೆ ಪೈಪ್ ಆರ್ಗನ್ನಿನ ಅರ್ಧ ಗುಟ್ಟು ಗೊತ್ತಿದ್ದಂತೆಯೇ. ತಿದಿ ಒತ್ತಿದರೆ ಗಾಳಿ, ಮನೆ ಒತ್ತಿದರೆ ಗಾಳಿಗೆ ದಾರಿ, ಹಿತ್ತಾಳೆಯ ರೀಡ್ ಅದುರಿದರೆ ಸ್ವರ. ಪೈಪ್ ಆರ್ಗನ್ನಿನಲ್ಲಿ ಪ್ರತಿಯೊಂದು ಸ್ವರಕ್ಕೂ ಒಂದೊಂದು ಕೊಳವೆ. ಅದೂ ಸಾಲದೆಂಬಂತೆ ಒಂದೇ ಸ್ವರಕ್ಕೆ ಕೊಳಲಿನ ಬಣ್ಣದ್ದೊಂದು, ತುತ್ತೂರಿಯ ಬಣ್ಣದ್ದೊಂದು, ತಂತಿವಾದ್ಯವನ್ನು ಹೋಲುವುದೊಂದು. ಒಂದು ಬಣ್ಣದ ಕೊಳವೆಗಳೆಲ್ಲ ಸೇರಿದರೆ ಒಂದು ಸಾಲು. ಅಟ್ಲಾಂಟಿಕ್ ಸಿಟಿಯಲ್ಲಿ ಅಂಥ ಸಾಲುಗಳು ನಾನೂರಕ್ಕೂ ಹೆಚ್ಚು.

ಕೊಳವೆ ಉದ್ದವಾದಷ್ಟೂ ಸ್ವರ ತಗ್ಗುತ್ತದೆ. ಎಂಟು ಅಡಿಯ ಕೊಳವೆ ಸೆಕೆಂಡಿಗೆ ಸುಮಾರು 65 ಬಾರಿ ಕಂಪಿಸುತ್ತದೆ. ಉದ್ದ ಎರಡರಷ್ಟಾದರೆ ಕಂಪನ ಅರ್ಧಕ್ಕೆ ಇಳಿಯುತ್ತದೆ: 16 ಅಡಿಗೆ 33, 32 ಅಡಿಗೆ 16. ಮನುಷ್ಯನ ಕಿವಿಗೆ ಸ್ವರವೆಂದು ಕೇಳುವುದು, ಕೆಳಗಿಳಿದರೆ, ಸುಮಾರು 20 ಕಂಪನದವರೆಗೆ ಮಾತ್ರ. ಹಾಗಾಗಿ ದೊಡ್ಡ ದೊಡ್ಡ ಕೆಥೆಡ್ರಲ್‌ಗಳ ಆರ್ಗನ್ನುಗಳೂ 32 ಅಡಿಗೇ ನಿಂತುಬಿಟ್ಟವು. 64 ಅಡಿಯೆಂದರೆ ಸೆಕೆಂಡಿಗೆ ಎಂಟೇ ಕಂಪನ. ಕಿವಿಗೆ ಎಟುಕದ ಸ್ವರವನ್ನು ಕಟ್ಟುವುದು ಯಾಕೆ ಎಂದು ಯಾರಾದರೂ ಕೇಳಿಯಾರು. ಬುಡದ ಎಂಟು ಕಂಪನದ ಜೊತೆಗೆ ಹದಿನಾರು, ಇಪ್ಪತ್ನಾಲ್ಕು, ಮೂವತ್ತೆರಡು ಎಂದು ಉಪಸ್ವರಗಳು ಏಳುತ್ತವೆ, ಅವುಗಳಲ್ಲಿ ಮೇಲಿನವನ್ನು ಕಿವಿ ಹಿಡಿಯುತ್ತದೆ. ಬುಡವನ್ನು ಹಿಡಿಯುವುದು ಮೈ. ನೆಲ, ಕುರ್ಚಿ, ಪಕ್ಕೆಲುಬು ಎಲ್ಲವೂ ಆ ಬಡಿತಕ್ಕೆ ಓಗೊಡುತ್ತವೆ. ಮೇಲಿನ ಸಾವಿರಾರು ಕೊಳವೆಗಳು ಒಟ್ಟಿಗೆ ನುಡಿಯುವಾಗ ಅವಕ್ಕೆ ನೆಲ ಸಿಕ್ಕುವುದು ಇಲ್ಲಿ.

ಪೂರ್ತಿ ಉದ್ದದ 64 ಅಡಿಯ ಸಾಲು ಜಗತ್ತಿನಲ್ಲಿ ಎರಡೇ. ಮೊದಲನೆಯದು ಆಸ್ಟ್ರೇಲಿಯಾದ ಸಿಡ್ನಿ ಟೌನ್ ಹಾಲ್‌ನಲ್ಲಿದೆ. ಲಂಡನ್ನಿನ ವಿಲಿಯಂ ಹಿಲ್ ಅಂಡ್ ಸನ್ ಕಂಪನಿ ಕಟ್ಟಿದ ಆ ಆರ್ಗನ್ ಹಡಗಿನಲ್ಲಿ ಸಾಗಿ ಹೋಗಿ, 1890ರ ಆಗಸ್ಟ್ 9ರಂದು ಮೊದಲ ಕಛೇರಿ ಕೊಟ್ಟಿತು. ಅದರ ಕಾಂಟ್ರಾ ಟ್ರಾಂಬೋನ್ ಸಾಲು ನುಡಿಯುವುದು ರೀಡ್‌ನಿಂದ: ತೆಳುವಾದ ಲೋಹದ ನಾಲಗೆ ಗಾಳಿಗೆ ಬಡಿದುಕೊಳ್ಳುತ್ತದೆ. ಇಷ್ಟು ತಗ್ಗಿನಲ್ಲಿ ನಾಲಗೆ ಉದ್ದವಾಗಬೇಕು, ಉದ್ದವಾದಷ್ಟೂ ಅದನ್ನು ಹದದಲ್ಲಿಡುವುದು ಕಷ್ಟ. ಹಿಲ್ ಕಂಪನಿಯವರು ಅದನ್ನು ಸಾಧಿಸಿದರು. ಆದರೆ ತಗ್ಗಿನ ದನಿಗೆ ಬೇರೆಯೇ ದಾರಿಯೊಂದು ಇದ್ದೀತು ಎಂದು ಇಂಗ್ಲೆಂಡಿನ ಇನ್ನೊಬ್ಬ ಮನುಷ್ಯ ತಲೆಕೆಡಿಸಿಕೊಂಡಿದ್ದ.

ಅವನು ರಾಬರ್ಟ್ ಹೋಪ್-ಜೋನ್ಸ್. 1859ರಲ್ಲಿ ಚೆಷೈರ್‌ನಲ್ಲಿ ಹುಟ್ಟಿದ ಈತ ಹೊಟ್ಟೆಪಾಡಿಗೆ ಟೆಲಿಫೋನ್ ಕಂಪನಿಯ ಎಂಜಿನಿಯರ್, ಒಲವಿನಿಂದ ಬರ್ಕನ್‌ಹೆಡ್‌ನ ಸೇಂಟ್ ಜಾನ್ಸ್ ಚರ್ಚಿನ ಆರ್ಗನ್ ವಾದಕ. ಟೆಲಿಫೋನಿನ ತಂತಿ ಮತ್ತು ವಿದ್ಯುತ್ ಕಾಂತಗಳ ತಿಳಿವಳಿಕೆಯನ್ನು ತಂದು ತನ್ನ ಚರ್ಚಿನ ಆರ್ಗನ್ನಿಗೆ ಜೋಡಿಸಿದ. ಮನೆಗಳಿಗೂ ಕೊಳವೆಗಳಿಗೂ ನಡುವೆ ಇದ್ದ ಮರದ ಕಡ್ಡಿಗಳ ಸಂಬಂಧ ಕಡಿದು ಅಲ್ಲಿ ಕೇಬಲ್ ಬಂತು. ನುಡಿಸುವವರು ಕೊಳವೆಗಳಿಂದ ಎಷ್ಟೇ ದೂರ ಕೂತರೂ ಆಯಿತು. ಅಟ್ಲಾಂಟಿಕ್ ಸಿಟಿಯಂಥ ವಾದ್ಯವನ್ನು ಕನಸು ಕಾಣಲು ಸಾಧ್ಯವಾದದ್ದೇ ಈ ಜಾತಿಯ ಕೆಲಸದಿಂದ.

1890ರ ದಶಕದಲ್ಲಿ ಅವನಿಗೆ ಹೊಳೆದದ್ದು ಡಯಾಫೋನ್. ಕೊಳವೆಯ ಬುಡದಲ್ಲೊಂದು ಗಟ್ಟಿ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಸ್ಪ್ರಿಂಗ್ ಪಟ್ಟಿಯ ತುದಿಯಲ್ಲಿ ಕೂರಿಸಿದ ಒಂದು ಬಿಲ್ಲೆ. ಬಿಲ್ಲೆ ಕೊಳವೆಯ ಬಾಯಿಗೆ ಎದುರಾಗಿ ಕೂದಲೆಳೆಯ ಅಂತರದಲ್ಲಿ ನಿಂತಿರುತ್ತದೆ. ಪೆಟ್ಟಿಗೆಗೆ ಗಾಳಿ ನುಗ್ಗಿದೊಡನೆ ಬಿಲ್ಲೆ ಬಾಯಿಗೆ ಅಂಟಿಕೊಳ್ಳುತ್ತದೆ, ಸ್ಪ್ರಿಂಗ್ ಅದನ್ನು ಹಿಂದಕ್ಕೆ ಕೀಳುತ್ತದೆ, ಮತ್ತೆ ಗಾಳಿ ತಳ್ಳುತ್ತದೆ. ಬಾಯಿ ತೆರೆದಾಗಲೆಲ್ಲ ಒಂದೊಂದು ಗುಕ್ಕು ಗಾಳಿ ಕೊಳವೆಯೊಳಕ್ಕೆ. ನಾಲಗೆಯ ಕಿರಿಕಿರಿ ಇಲ್ಲ, ಗಾಳಿಯ ಒತ್ತಡ ಏರಿಸಿದಷ್ಟೂ ದನಿಗೆ ಬಲ ಬರುತ್ತದೆ. 1896ರಲ್ಲಿ ವೂಸ್ಟರ್ ಕೆಥೆಡ್ರಲ್‌ನ ಆರ್ಗನ್ನಿನಲ್ಲಿ ಅವನು ಇದನ್ನು ಕೂರಿಸಿದ.

ಚರ್ಚಿನವರಿಗೆ ಈ ದನಿ ಅಷ್ಟಾಗಿ ಹಿಡಿಸಲಿಲ್ಲ. ಅದನ್ನು ಕೈಹಿಡಿದದ್ದು ಕಡಲು. ಕೆನಡಾದ ಜಾನ್ ಪೆಲ್ ನಾರ್ದೆ 1903ರ ಸುಮಾರಿಗೆ ಹೋಪ್-ಜೋನ್ಸ್‌ನ ಯುಕ್ತಿಯನ್ನು ಎತ್ತಿಕೊಂಡು, ಬಿಲ್ಲೆಯ ಜಾಗಕ್ಕೆ ಸೀಳುಗಳಿರುವ ಪಿಸ್ಟನ್ ಹಾಕಿ, ಮಂಜಿನಲ್ಲಿ ಹಡಗುಗಳಿಗೆ ದಾರಿ ಹೇಳುವ ಕಹಳೆ ಮಾಡಿದ. ಉತ್ತರ ಅಮೆರಿಕದ ಮಹಾಸರೋವರಗಳ ದೀಪಸ್ತಂಭಗಳಲ್ಲೂ ಬ್ರಿಟನ್ನಿನ ಕರಾವಳಿಯಲ್ಲೂ ದಶಕಗಳ ಕಾಲ ಕೂಗಿದ ಆ ಕಹಳೆಗಳ ಹೆಸರೂ ಡಯಾಫೋನ್ ಎಂದೇ. ತಗ್ಗಿನ ದನಿ ಮಂಜನ್ನು ಸೀಳಿಕೊಂಡು ದೂರ ಹೋಗುತ್ತದೆ. ಎಷ್ಟು ನಾವಿಕರ ಜೀವ ಅದರಿಂದ ಉಳಿಯಿತೋ! ಹೋಪ್-ಜೋನ್ಸ್ ಮಾತ್ರ ನೆಮ್ಮದಿ ಕಾಣಲಿಲ್ಲ. ಅದೇ 1903ರಲ್ಲಿ ಅಮೆರಿಕಕ್ಕೆ ಹೋದ, ಕಂಪನಿ ಕಟ್ಟಿದ, ಕಳೆದುಕೊಂಡ, 1910ರಲ್ಲಿ ವರ್ಲಿಟ್ಜರ್ ಕಂಪನಿ ಸೇರಿದ, ಅಲ್ಲೂ ನಿಲ್ಲಲಾಗದೆ 1914ರಲ್ಲಿ ತಾನೇ ಜೀವ ಕಳೆದುಕೊಂಡ. ಮೂಕಿ ಸಿನಿಮಾ ಥಿಯೇಟರುಗಳ ಆರ್ಗನ್ನುಗಳೆಲ್ಲ ಅವನ ಯೋಚನೆಗಳ ಮೇಲೇ ನಿಂತವು. ಬದುಕಿದ್ದಾಗ ಸಲ್ಲಬೇಕಾದ ಮರ್ಯಾದೆ ಅವನಿಗೆ ಸಲ್ಲಲಿಲ್ಲ ಎಂದೇ ನನ್ನ ಅನಿಸಿಕೆ.

ಆರ್ಗನ್ನಿನ ಡಯಾಫೋನನ್ನು ಅದರ ತುತ್ತತುದಿಯ 64 ಅಡಿಯ ಅಳತೆಗೆ ಒಯ್ದವನು ಎಮರ್ಸನ್ ರಿಚರ್ಡ್ಸ್. ವೃತ್ತಿಯಲ್ಲಿ ವಕೀಲ, ನ್ಯೂಜೆರ್ಸಿಯ ರಾಜ್ಯ ಸೆನೆಟರ್, ಒಳಗೆಲ್ಲ ಆರ್ಗನ್ನಿನ ಹುಚ್ಚು. ತನ್ನೂರಿನಲ್ಲಿ ಏಳುತ್ತಿದ್ದ ಕನ್ವೆನ್ಷನ್ ಹಾಲ್‌ಗೆ (ಇಂದಿನ ಬೋರ್ಡ್‌ವಾಕ್ ಹಾಲ್ ಅದೇ) ಆರ್ಗನ್ನಿನ ನಕ್ಷೆ ಬರೆದವನು ಅವನೇ. ನಡುವೆ ಒಂದೂ ಕಂಬವಿಲ್ಲದ, ಒಳಗೇ ಫುಟ್‌ಬಾಲ್ ಆಡಬಹುದಾದಷ್ಟು ವಿಶಾಲ ಹಾಲ್ ಅದು. ಅದನ್ನು ದನಿಯಿಂದ ತುಂಬಲು ಮಾಮೂಲಿ ಲೆಕ್ಕ ಸಾಲುವುದಿಲ್ಲವೆಂದು ರಿಚರ್ಡ್ಸ್‌ಗೆ ಗೊತ್ತಿತ್ತು. ಆರ್ಗನ್ನಿನ ಗಾಳಿಯ ಒತ್ತಡವನ್ನು ಅಳೆಯುವುದು ನೀರಿನ ಕಂಬವನ್ನು ಅದು ಎಷ್ಟು ಅಂಗುಲ ಮೇಲೆತ್ತುತ್ತದೆ ಎಂಬುದರಿಂದ. ಚರ್ಚುಗಳಲ್ಲಿ ಮೂರು ನಾಲ್ಕು ಅಂಗುಲ ಧಾರಾಳ. ಇಲ್ಲಿನ ಗ್ರ್ಯಾಂಡ್ ಓಫಿಕ್ಲೈಡ್ ಸಾಲಿಗೆ ಕೊಟ್ಟದ್ದು 100 ಅಂಗುಲ! ಅತಿ ಗಟ್ಟಿ ದನಿಯ ಆರ್ಗನ್ ಸಾಲೆಂದು ಗಿನ್ನೆಸ್ ದಾಖಲೆ ಅದರದ್ದು. ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಮಿಡ್ಮರ್-ಲಾಶ್ ಕಂಪನಿ 1929ರಲ್ಲಿ ಕೆಲಸ ಶುರು ಮಾಡಿ 1932ರಲ್ಲಿ ಮುಗಿಸಿತು. ಅಷ್ಟರಲ್ಲಿ ಆರ್ಥಿಕ ಕುಸಿತ ಅಮೆರಿಕವನ್ನು ಹಿಂಡುತ್ತಿತ್ತು. ಮರುವರ್ಷ ಕಂಪನಿ ದಿವಾಳಿ ಎದ್ದಿತು.

ಆರ್ಗನ್ ಪೂರ್ತಿಯಾಗಿ ನುಡಿದದ್ದು ಹತ್ತು ಹನ್ನೆರಡು ವರ್ಷವಷ್ಟೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಾಲ್ ಸೇನೆಯ ತರಬೇತಿಗೆ ಹೋಯಿತು. 1944ರ ಸೆಪ್ಟೆಂಬರಿನ ಚಂಡಮಾರುತ ಕಡಲನ್ನೇ ಊರೊಳಕ್ಕೆ ತಂದಿತು, ಹಾಲ್‌ಗೂ ನೀರು ನುಗ್ಗಿತು. ಆಮೇಲೆ ವಾದ್ಯ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. ಇಷ್ಟು ದೊಡ್ಡದನ್ನು ನೋಡಿಕೊಳ್ಳಲು ಬೇಕಾದಷ್ಟು ಕೈಗಳೂ ಇರಲಿಲ್ಲ, ಹಣವೂ ಇರಲಿಲ್ಲ. ಒಂದು ಸಾಲು ಕೆಟ್ಟರೆ ಅದನ್ನು ಬಿಟ್ಟು ಉಳಿದವನ್ನು ನುಡಿಸುವುದು, ಇನ್ನೊಂದು ಕೆಟ್ಟರೆ ಅದನ್ನೂ ಬಿಡುವುದು ರೂಢಿಯಾಯಿತು. 1964ರ ಆಗಸ್ಟಿನಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನ ನಡೆದದ್ದು ಇದೇ ಹಾಲ್‌ನಲ್ಲಿ, ಅದೇ ತಿಂಗಳು ಬೀಟಲ್ಸ್ ಹಾಡಿದ್ದೂ ಇಲ್ಲೇ. 1988ರಲ್ಲಿ ಮೈಕ್ ಟೈಸನ್ ಒಂದೂವರೆ ನಿಮಿಷದಲ್ಲಿ ಮೈಕಲ್ ಸ್ಪಿಂಕ್ಸ್‌ನನ್ನು ಕೆಡವಿದ್ದೂ ಇಲ್ಲೇ. ಜಾಲರಿಗಳ ಹಿಂದೆ ಅಷ್ಟೊಂದು ಕೊಳವೆಗಳಿವೆಯೆಂದು ಆ ಜನಜಂಗುಳಿಯಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ.

ನನಗೆ ಹೆಚ್ಚು ಸಂಕಟವಾಗುವುದು ಮುಂದಿನ ಭಾಗ ಓದುವಾಗ. ಹಾಲ್‌ನ ದೊಡ್ಡ ನವೀಕರಣಕ್ಕೆ ಸ್ವಲ್ಪ ಮೊದಲು, 1998ರಲ್ಲಿ, ರಾಜ್ಯದ ಅನುದಾನದಿಂದ ರಂಗದ ಎರಡೂ ಬದಿಯ ಕೋಣೆಗಳಲ್ಲಿ ರಿಪೇರಿ ನಡೆದಿತ್ತು. 2001ರ ಹೊತ್ತಿಗೆ ನವೀಕರಣ ಮುಗಿದಾಗ ಹಾಲ್ ಥಳಥಳಿಸುತ್ತಿತ್ತು, ಆರ್ಗನ್ ಪೂರ್ತಿ ಮೂಕವಾಗಿತ್ತು. ಕಟ್ಟಡದ ಕೆಲಸದಲ್ಲಿ ಗಾಳಿಯ ಕೊಳಾಯಿಗಳು ತುಂಡಾಗಿದ್ದವು, ಗಾರೆಯ ಧೂಳು ಒಳಗೆಲ್ಲ ತುಂಬಿತ್ತು. ಕಡಲ ಚಂಡಮಾರುತಕ್ಕೂ ಪೂರ್ತಿ ಬಾಯಿ ಮುಚ್ಚಿಸಲಾಗದ ವಾದ್ಯವನ್ನು ಒಳ್ಳೆಯ ಉದ್ದೇಶದ ಗಡಿಬಿಡಿ ಮುಚ್ಚಿಸಿತು.

2004ರಲ್ಲಿ ಆರ್ಗನ್ನಿನ ಜೀರ್ಣೋದ್ಧಾರಕ್ಕೆಂದೇ ಸಮಿತಿಯೊಂದು ಹುಟ್ಟಿತು. ಕೋಣೆಗಳೊಳಕ್ಕೆ ಹೋಗಿ ನೋಡಿದವರ ಮುಂದೆ ನಿಂತ ಸತ್ಯವೇ ಈ ಕತೆಯ ಎರಡನೆಯ ಆವಿಷ್ಕಾರ ಎನ್ನುತ್ತೇನೆ. ಕೊಳವೆಗಳು ಬಹುಪಾಲು ಅಲ್ಲೇ ಇದ್ದವು, ಗಟ್ಟಿಯಾಗಿಯೇ ಇದ್ದವು. ಕೆಟ್ಟದ್ದು ಅವುಗಳವರೆಗೆ ಉಸಿರು ಒಯ್ಯುವ ದಾರಿ. ಅದರಲ್ಲೂ ಮುಖ್ಯವಾಗಿ, ಚರ್ಮ.

ಇದನ್ನು ತುಸು ಹತ್ತಿರದಿಂದ ನೋಡಬೇಕು. ಮನೆ ಒತ್ತಿದಾಗ ತಂತಿಯಲ್ಲಿ ಸಣ್ಣ ವಿದ್ಯುತ್ ಹರಿದು, ಹೆಬ್ಬೆರಳು ಗಾತ್ರದ ಕಾಂತವೊಂದು ಚಿಕ್ಕ ತೂತನ್ನು ತೆರೆಯುತ್ತದೆ. ಅದರಿಂದ ಗಾಳಿ ಹೊರಬಿದ್ದಾಗ ಚರ್ಮದ ಪುಟ್ಟ ಚೀಲವೊಂದು ಕುಸಿದು ಕೊಳವೆಗೆ ದಾರಿ ಬಿಡುತ್ತದೆ. ಕೊಳವೆ ಒಂದೂವರೆ ಟನ್ನಿನದಾದರೂ ಅದರ ಮಾತು ಮೌನಗಳನ್ನು ಆಳುವುದು ಇಂಥ ತೆಳು ಚರ್ಮವೇ. ಅದರ ಆಯಸ್ಸು ಮಾತ್ರ ಹೆಚ್ಚೆಂದರೆ ಐವತ್ತು ಅರವತ್ತು ವರ್ಷ. ಒಣಗಿ ಸೀಳು ಬಿಟ್ಟರೆ ಗಾಳಿ ಸೋರುತ್ತದೆ. ಕೊಳವೆ ಒಂದೋ ಮೂಕವಾಗುತ್ತದೆ, ಇಲ್ಲವೇ ಮನೆ ಬಿಟ್ಟರೂ ಕೂಗುತ್ತಲೇ ಇರುತ್ತದೆ. ಚರ್ಮ ಬದಲಿಸಲು, ಅದನ್ನು ಹಿಡಿದಿಟ್ಟ ಹಳೆಯ ಸರಿಯನ್ನು (ಅಂಟನ್ನು) ಬಿಸಿನೀರಿನಲ್ಲಿ ನೆನೆಸಿ ಸಡಿಲಿಸಬೇಕು, ಸತ್ತ ಚರ್ಮವನ್ನು ಕೆರೆದು ಮರವನ್ನು ಚೊಕ್ಕ ಮಾಡಬೇಕು, ಹೊಸ ಚರ್ಮ ಕತ್ತರಿಸಿ ಅಂಚನ್ನು ಕಾಗದದಷ್ಟು ತೆಳ್ಳಗೆ ಹೆರೆಯಬೇಕು, ಬಿಸಿ ಸರಿ ಆರುವ ಮುನ್ನ ಸುಕ್ಕಿಲ್ಲದಂತೆ ಅಂಟಿಸಬೇಕು. ಅದೇ ಹಳೆಯ ಪ್ರಾಣಿಜನ್ಯ ಸರಿಯನ್ನೇ ಬಳಸುವುದಕ್ಕೂ ಕಾರಣವಿದೆ: ಇನ್ನೊಂದು ಅರ್ಧ ಶತಮಾನ ಕಳೆದ ಮೇಲೆ ಈ ಚರ್ಮವನ್ನೂ ಯಾರೋ ಬಿಚ್ಚಬೇಕು, ಅವರಿಗೆ ಅದು ಸುಲಭವಾಗಿ ಬಿಟ್ಟುಬರಬೇಕು. ಹೀಗೆ ಒಂದು ಚೀಲ ಮುಗಿದರೆ ಪಕ್ಕದಲ್ಲಿ ಇನ್ನೊಂದು, ಅದರಾಚೆ ಸಾವಿರಾರು. ಸಂಬಳದ ಕುಶಲಕರ್ಮಿಗಳ ಜೊತೆ ಸ್ವಯಂಸೇವಕರೂ ಕೂತು ಈ ಕೆಲಸ ಮಾಡಿದ್ದಾರೆ. ಅವರ ಮೇಲೆ ನನಗಿರುವ ಗೌರವ, ವಾದ್ಯದ ದಾಖಲೆಗಳ ಮೇಲಿರುವುದಕ್ಕಿಂತ ದೊಡ್ಡದು.

ಕೆಲಸದ ಸರದಿಯೂ ಗಾಳಿಯ ದಾರಿಯಲ್ಲೇ ಸಾಗುತ್ತದೆ. ಮೊದಲು ಗಾಳಿ ಊದುವ ಯಂತ್ರ, ಆಮೇಲೆ ಕೊಳಾಯಿ, ಗಾಳಿಯನ್ನು ಒಂದೇ ಒತ್ತಡದಲ್ಲಿಡುವ ತಿದಿಗಳು, ಗಾಳಿಪೆಟ್ಟಿಗೆ, ಚರ್ಮ, ಕಾಂತ. ಕೊಳವೆಯ ಸರದಿ ಕೊನೆಗೆ. ಡಯಾಫೋನಿನಲ್ಲಂತೂ ಸ್ಪ್ರಿಂಗಿನ ಬಿಗುವಿಗೂ ಮೇಲಿನ ಕೊಳವೆಯ ಉದ್ದಕ್ಕೂ ಹೊಂದಿಕೆಯಾಗಬೇಕು. ಬಿಲ್ಲೆ ಒಂದು ಲಯದಲ್ಲಿ ಬಡಿದು ಕೊಳವೆಯೊಳಗಿನ ಗಾಳಿ ಇನ್ನೊಂದರಲ್ಲಿ ತೂಗಿದರೆ ದನಿ ಒಡೆಯುತ್ತದೆ. ಎಂಟು ಕಂಪನದ ಸ್ವರವನ್ನು ಶ್ರುತಿ ಮಾಡಲು ಕಿವಿಯೊಂದನ್ನೇ ನಂಬುವಂತಿಲ್ಲ, ಉಪಸ್ವರಗಳನ್ನು ಮೇಲಿನ ಸಾಲುಗಳೊಂದಿಗೆ ಹೋಲಿಸಿ ನೋಡಬೇಕು. ಪೆಟ್ಟಿಗೆಯ ಪಕ್ಕದಲ್ಲಿ ನಿಂತವರಿಗೆ ಸ್ವರಕ್ಕಿಂತ ಮೊದಲು ತಾಕುವುದು ಬಿಲ್ಲೆಯ ಬಡಿತ, ಹೆಚ್ಚುಕಡಿಮೆ ಒಂದೊಂದಾಗಿ.

2007ರ ಹೊತ್ತಿಗೆ ಬಲಬದಿಯ ಕೋಣೆಯ ಒಂದಷ್ಟು ಭಾಗ ನುಡಿಯತೊಡಗಿತು. ಲಾಸ್ ವೇಗಸ್‌ಗೆ ಹೋಗಿದ್ದ ಮಿಸ್ ಅಮೆರಿಕ ಸ್ಪರ್ಧೆ 2013ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಿಕ್ ಸಿಟಿಗೆ ಮರಳಿದಾಗ, ನಲವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಆರ್ಗನ್ನೂ ಆ ವೇದಿಕೆಗೆ ಜೊತೆಯಾಯಿತು. 64 ಅಡಿಯ ಸಾಲು ಮತ್ತೆ ಉಸಿರು ಪಡೆದಿದೆ. ಅತ್ತ ಸಿಡ್ನಿಯ ಅಣ್ಣನೂ ಸುಮ್ಮನಿಲ್ಲ. ಅಲ್ಲಿನ ಆರ್ಗನ್ನೂ ಇಪ್ಪತ್ತನೆಯ ಶತಮಾನದಲ್ಲಿ ಸೊರಗಿ, 1972ರಿಂದ 1982ರವರೆಗೆ ರೋಜರ್ ಪಾಗ್ಸನ್ ನಡೆಸಿದ ದುರಸ್ತಿಯಿಂದ ಎದ್ದು ಕೂತದ್ದು.

ಅಟ್ಲಾಂಟಿಕ್ ಸಿಟಿಯ ಕೊಳವೆಗಳಲ್ಲಿ ಈಗ ಅರ್ಧಕ್ಕೂ ಹೆಚ್ಚು ನುಡಿಯುತ್ತವೆ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ಅರ್ಧ ಗಂಟೆಯ ಕಛೇರಿಗಳಿರುತ್ತವೆ, ಯಾರು ಬೇಕಾದರೂ ಹೋಗಿ ಕೇಳಬಹುದು. ಹಾಲ್‌ನ ಉದ್ದಕ್ಕೂ ಹಂಚಿಹೋದ ಉಳಿದ ಕೋಣೆಗಳ ಕೆಲಸ ದೇಣಿಗೆ ಬಂದಂತೆಲ್ಲ ಮುಂದೆ ಸಾಗುತ್ತಿದೆ. ಅವುಗಳಲ್ಲಿ ಛಾವಣಿಯ ಹತ್ತಿರ, ತೀರ ಎತ್ತರದಲ್ಲಿರುವ ಕೋಣೆಗಳದ್ದು ಬೇರೆಯೇ ಕಷ್ಟ. ಅಲ್ಲಿಗೂ ಗಾಳಿ ಹತ್ತಬೇಕು, ಚರ್ಮ ಹತ್ತಬೇಕು, ಸರಿಯ ಬಟ್ಟಲು ಹಿಡಿದ ಮನುಷ್ಯರೂ ಹತ್ತಬೇಕು.