ಗವಾಯಿಯ ಬದುಕು

ಸಂಗೀತವನ್ನು ಹವ್ಯಾಸವಾಗಿ ಇಟ್ಟುಕೊಳ್ಳುವುದು ಬೇರೆ, ಅದನ್ನೇ ನೆಚ್ಚಿ ಸಂಸಾರ ಹೂಡುವುದು ಬೇರೆ. ನಮ್ಮ ಕಾಲೇಜಿನಲ್ಲಿ ಸೊಗಸಾಗಿ ಹಾಡುವವರಿಗೇನೂ ಕೊರತೆಯಿಲ್ಲ. ಆದರೆ “ಮುಂದೆ ಇದೇ ವೃತ್ತಿಯೋ?” ಎಂದು ಕೇಳಿದರೆ ಹೆಚ್ಚಿನವರು ನಕ್ಕು ಸುಮ್ಮನಾಗುತ್ತಾರೆ. ಹೊಟ್ಟೆಯ ಪ್ರಶ್ನೆ ಸಣ್ಣದಲ್ಲವಷ್ಟೆ! ಅಂಥವರು ಪಂಡಿತ ಮಲ್ಲಿಕಾರ್ಜುನ ಮನಸೂರರ (1910–1992) ಜೀವನವನ್ನು ಒಮ್ಮೆ ಅವಲೋಕಿಸುವುದು ಲೇಸು.

ಧಾರವಾಡದ ಬಳಿಯ ಮನಸೂರಿನಲ್ಲಿ ಹುಟ್ಟಿದ ಅವರು ಎಳವೆಯಲ್ಲಿಯೇ ನಾಟಕ ಕಂಪನಿ ಸೇರಿದರು. ಮೊದಲು ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತದ ಪಾಠವಾಯಿತು. ಆ ಮೇಲೆ ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಘರಾಣೆಯ ಶಿಕ್ಷಣ. 1930ರ ದಶಕದಲ್ಲಿ ಗ್ರಾಮಾಫೋನ್ ತಟ್ಟೆಗಳು ಹೊರಬಂದು ಹೆಸರೂ ಬಂದಿತು. ಇನ್ನೊಬ್ಬರಾಗಿದ್ದರೆ ಇಷ್ಟಕ್ಕೇ ತೃಪ್ತರಾಗಿ, ಕಲಿತದ್ದನ್ನೇ ಹಾಡಿಕೊಂಡು ಕಾಲ ಕಳೆಯುತ್ತಿದ್ದರೇನೋ. ಇವರು ಮಾತ್ರ ಉಸ್ತಾದ್ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರಲ್ಲಿ ಮತ್ತೆ ಶಿಷ್ಯರಾಗಿ ಕುಳಿತರು.

ಹೀಗೆ ಕುಳಿತುಕೊಳ್ಳುವುದೆಂದರೆ ಏನೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗ್ವಾಲಿಯರ್ ಗಾಯಕಿಯಲ್ಲಿ ರಾಗವು ನೇರವಾಗಿ, ಸ್ಪಷ್ಟವಾಗಿ ಬಿಚ್ಚಿಕೊಳ್ಳುತ್ತದೆ. ಅಲ್ಲಾದಿಯಾ ಖಾನರ ಜಯಪುರ-ಅತ್ರೌಲಿ ಗಾಯಕಿಯಲ್ಲಾದರೋ ಅಪರೂಪದ ರಾಗಗಳು, ಎರಡು ಮೂರು ರಾಗಗಳು ಬೆರೆತ ಜೋಡು ರಾಗಗಳು ಹೆಚ್ಚು. ಎಲ್ಲಿ ಒಂದು ರಾಗ ಮುಗಿದು ಇನ್ನೊಂದು ತಲೆ ಹಾಕಿತೆಂಬುದು ಕೇಳುವವನಿಗೆ ಗೊತ್ತಾಗಬಾರದು, ಹಾಡುವವನು ಮರೆಯಬಾರದು. ಸುತ್ತು ಬಳಸಿನ ಸ್ವರಮಾಲೆಯನ್ನು ದೀರ್ಘವಾದ ಉಸಿರಿನಲ್ಲಿ ಹೆಣೆಯುತ್ತ, ತಾಳದ ಲೆಕ್ಕ ತಪ್ಪದಂತೆ ಸಮಕ್ಕೆ ತಂದು ಮುಟ್ಟಿಸಬೇಕು. ಜನ ಮೆಚ್ಚಿದ ಕಂಠವನ್ನು ಹೀಗೆ ಹೊಸದಾಗಿ ಪಳಗಿಸುವುದು ಅಕ್ಷರಾಭ್ಯಾಸಕ್ಕೆ ಹಿಂದಿರುಗಿದಂತೆಯೇ ಸರಿ. ಇಷ್ಟಾಗಿ, 1937ರಲ್ಲಿ ಮಂಜಿ ಖಾನರು ತೀರಿಕೊಂಡರು. ಮನಸೂರರು ಅವರ ತಮ್ಮ ಬುರ್ಜಿ ಖಾನರಲ್ಲಿ ಪಾಠ ಮುಂದುವರಿಸಿದರು.

ಇನ್ನು ಜೀವನೋಪಾಯದ ಮಾತು. ಅವರು ಗ್ರಾಮಾಫೋನ್ ಕಂಪನಿಯಲ್ಲಿ ಸಂಗೀತ ನಿರ್ದೇಶಕರಾಗಿದ್ದರು. ಮುಂದೆ ಧಾರವಾಡದ ಆಕಾಶವಾಣಿಯಲ್ಲಿ ಸಲಹೆಗಾರರಾದರು. ಇಂಥ ಕೆಲಸಗಳನ್ನು ಕಲಾವಿದನಿಗೆ ಕುಂದೆಂದು ಭಾವಿಸುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮನೆ ನಡೆಯುವ ಭರವಸೆಯಿದ್ದಾಗಲ್ಲವೆ ಸಭೆಯ ಮೆಚ್ಚುಗೆಗೆ ಹೆದರದೆ ಖಟ್, ಬಿಹಾರಿ, ಲಾಜವಂತಿಯಂಥ ರಾಗಗಳನ್ನು ಹಾಡಲು ಧೈರ್ಯ ಬರುವುದು? ಪರಿಚಿತ ರಾಗಕ್ಕೆ ಬೀಳುವ ಚಪ್ಪಾಳೆ ಇವಕ್ಕೆ ಬೇಗನೆ ಬೀಳುವುದಿಲ್ಲ.

ದೊಡ್ಡ ಮನ್ನಣೆಯೂ ಬೇಗನೆ ಬರಲಿಲ್ಲ. ಪದ್ಮಶ್ರೀ ದೊರೆತದ್ದು 1970ರಲ್ಲಿ, ಅರವತ್ತರ ಹೊಸ್ತಿಲಿನಲ್ಲಿ. 1976ರಲ್ಲಿ ಪದ್ಮಭೂಷಣ, ಬದುಕಿನ ಕೊನೆಯ ವರ್ಷವಾದ 1992ರಲ್ಲಿ ಪದ್ಮವಿಭೂಷಣ. ಎಲ್ಲರಿಗೂ ಅಷ್ಟು ಕಾಯುವ ತಾಳ್ಮೆಯಾಗಲಿ, ಅಂಥ ಗುರುಗಳಾಗಲಿ ದೊರೆಯುತ್ತಾರೆಂದು ನಾನು ಹೇಳಲಾರೆ. ‘ನನ್ನ ರಸಯಾತ್ರೆ’ ಎಂಬ ಅವರ ಆತ್ಮಕಥನವಿದೆ, ಆಸಕ್ತರು ಓದಬಹುದು. ಖಯಾಲ್ ಎಂದರೆ ಹಿಂಜರಿಯುವ ಗೆಳೆಯರು ಮೊದಲು ಅವರು ಹಾಡಿರುವ ವಚನಗಳನ್ನು ಕೇಳಲಿ. ಖಾನ್ ಸಾಹೇಬರ ಮನೆಯ ಗಾಯಕಿಯಲ್ಲಿ ಪಳಗಿದ ಕಂಠವೇ ಅಲ್ಲಿ ನಮ್ಮ ಶರಣರ ಕನ್ನಡವನ್ನು ನುಡಿಯುತ್ತದೆ.