ಗಾಲಿಯ ಮೇಲಿನ ಮನೆ: ಹಳೆಯ ಟ್ರೇಲರಿನ ಜೀರ್ಣೋದ್ಧಾರ

ಅಮೇರಿಕದ ಸಚಿತ್ರ ಪತ್ರಿಕೆಗಳನ್ನು ತಿರುವಿಹಾಕುವ ವಾಚಕರ ಕಣ್ಣಿಗೆ ಒಂದು ವಿಚಿತ್ರ ವಾಹನ ಬಿದ್ದಿರಬಹುದು. ಮೋಟಾರು ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ, ಎರಡೇ ಗಾಲಿಗಳ, ಕಿಟಕಿ ಬಾಗಿಲುಗಳುಳ್ಳ ಪುಟ್ಟ ಮನೆ ಅದು. ಅದಕ್ಕೆ ಸ್ವಂತ ಯಂತ್ರವಿಲ್ಲ. ಕಾರು ಹೋದಲ್ಲಿಗೆ ಹೋಗುತ್ತದೆ, ನಿಂತಲ್ಲಿ ನಿಲ್ಲುತ್ತದೆ. ಅಮೇರಿಕನರು ಇದನ್ನು ಕ್ಯಾಂಪರ್ ಟ್ರೇಲರ್ ಎನ್ನುವರು. ಇಂಗ್ಲೆಂಡಿನವರು ಕ್ಯಾರವಾನ್ ಎನ್ನುವರು. ಇಂಥ ಗಾಡಿಗಳಲ್ಲಿ 1950 ಮತ್ತು 1960ರ ದಶಕಗಳಲ್ಲಿ ತಯಾರಾದವನ್ನು ಹುಡುಕಿ ತಂದು, ಮತ್ತೆ ರಸ್ತೆಗಿಳಿಸುವ ಹವ್ಯಾಸ ಆ ದೇಶದಲ್ಲಿ ಬಹಳ ಜನಕ್ಕಿದೆ. ಆ ಕೆಲಸ ಹೇಗೆ ನಡೆಯುತ್ತದೆ, ಅದರಲ್ಲಿ ಮೊದಲು ಮಾಡತಕ್ಕದ್ದು ಯಾವುದು, ಕೊನೆಗೆ ಮಾಡತಕ್ಕದ್ದು ಯಾವುದು ಎಂಬುದನ್ನು ನಾವಿಲ್ಲಿ ವಿವರಿಸುವೆವು.

ಇದರ ಪೂರ್ವೋತ್ತರ

ಜೀವನೋಪಾಯಕ್ಕಲ್ಲದೆ ಕೇವಲ ಸಂತೋಷಕ್ಕಾಗಿ ಮನೆಯನ್ನು ಗಾಡಿಯ ಮೇಲೇರಿಸಿಕೊಂಡು ತಿರುಗಿದವರಲ್ಲಿ ಡಾಕ್ಟರ್ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬವರ ಹೆಸರು ಮುಖ್ಯವಾದುದು. ಅವರು 1885ರಲ್ಲಿ ಬ್ರಿಸ್ಟಲ್ ನಗರದ ಗಾಡಿ ಕಾರ್ಖಾನೆಯಲ್ಲಿ ‘ವಾಂಡರರ್’ ಎಂಬ ಗಾಡಿಯನ್ನು ಮಾಡಿಸಿದರು. ಅದನ್ನು ಎಳೆದದ್ದು ಎರಡು ಕುದುರೆಗಳು. ಮುಂದೆ ಮೋಟಾರು ಬಂದ ಮೇಲೆ 1919ರಲ್ಲಿ ಬರ್ಮಿಂಗ್‌ಹ್ಯಾಮಿನ ಎಕ್ಲ್ಸ್ ಕಂಪೆನಿ ಕಾರಿಗೆ ಕಟ್ಟುವ ಗಾಡಿಗಳನ್ನು ತಯಾರಿಸಲಾರಂಭಿಸಿತು.

ಅಮೇರಿಕದಲ್ಲಿ 1930ರ ದಶಕದಲ್ಲಿ ಈ ಗಾಡಿಗಳು ಹಬ್ಬಿದವು. ವಾಲಿ ಬೈಯಮ್ ಎಂಬವರು 1936ರಲ್ಲಿ, ಅಲ್ಯುಮಿನಿಯಮ್ ತಗಡನ್ನು ವಿಮಾನದ ಮೈಯಂತೆ ರಿವೆಟ್ಟುಗಳಿಂದ ಜೋಡಿಸಿದ ಏರ್‌ಸ್ಟ್ರೀಮ್ ಕ್ಲಿಪ್ಪರ್ ಗಾಡಿಯನ್ನು ಹೊರತಂದರು. ಕ್ಯಾಲಿಫೋರ್ನಿಯದಲ್ಲಿ ರಾಬರ್ಟ್ ಗ್ರೇ ಎಂಬವರು 1941ರಲ್ಲಿ ಶಾಸ್ತಾ ಗಾಡಿಗಳನ್ನು ಆರಂಭಿಸಿದುದು ಸೈನಿಕರ ವಸತಿಗಾಗಿ. 1945ರಲ್ಲಿ ಯುದ್ಧ ಮುಗಿಯಿತು. ಅಲ್ಯುಮಿನಿಯಮ್ ಸುಲಭವಾಗಿ ಸಿಗಲಾರಂಭಿಸಿತು. 1956ರ ಕಾನೂನಿನಿಂದ ರಾಜ್ಯರಾಜ್ಯಗಳನ್ನು ಕೂಡಿಸುವ ಹೆದ್ದಾರಿಗಳ ಕೆಲಸಕ್ಕೆ ವೇಗ ಬಂತು. ಸಾಮಾನ್ಯ ಸಂಬಳದ ಕುಟುಂಬವೂ ರಜೆಯಲ್ಲಿ ಹೋಟೆಲಿನ ಖರ್ಚಿಲ್ಲದೆ ದೇಶ ನೋಡಲು ಹೊರಟಿತು. ಆ ಕಾಲದ ಚಿಕ್ಕ ಗಾಡಿಗಳ ಉದ್ದ ಹೆಚ್ಚಾಗಿ 10ರಿಂದ 16 ಅಡಿ. ಪಕ್ಕದಿಂದ ನೋಡಿದರೆ ಮುಂದೆ ಹಿಂದೆ ದುಂಡಗೆ ಬಾಗಿ, ಅಂಗಡಿಯಲ್ಲಿ ಮಾರುವ ಮಾಂಸದ ಡಬ್ಬಿಯನ್ನು ಮಗ್ಗುಲಾಗಿ ಇಟ್ಟಂತೆ ಕಾಣುವುದರಿಂದ ಇವಕ್ಕೆ ‘ಕ್ಯಾನ್ಡ್ ಹ್ಯಾಮ್’ ಎಂಬ ಅಡ್ಡಹೆಸರಿದೆ. ಶಾಸ್ತಾ ಗಾಡಿಯ ಹಿಂಬದಿಯ ಎರಡು ಮಗ್ಗುಲಲ್ಲೂ ಪುಟ್ಟ ರೆಕ್ಕೆಗಳಿರುತ್ತವೆ. ಈ ರೂಪಕ್ಕೆ ಎಷ್ಟು ಬೇಡಿಕೆಯಿದೆಯೆಂದರೆ, 1961ರ ಮಾದರಿಯನ್ನೇ ಹೋಲುವ ಹೊಸ ಗಾಡಿಗಳನ್ನು ಶಾಸ್ತಾ ಹೆಸರಿನಲ್ಲೇ 2015ರ ಮಾದರಿಯಾಗಿ ಮತ್ತೆ ಮಾಡಿ ಮಾರಿದರು.

ಒಳಗಿನ ವ್ಯವಸ್ಥೆಯನ್ನು ಮುಂಬಯಿಯ ಚಾಳಿನ ಒಂದೇ ಖೋಲಿಯಲ್ಲಿ ಸಂಸಾರ ಮಾಡಿದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹಗಲು ಊಟದ ಮೇಜು, ರಾತ್ರಿ ಅದೇ ಹಲಗೆ ತಗ್ಗಿಸಿದರೆ ಹಾಸಿಗೆ. ಆಸನದ ಕೆಳಗೆ ಪೆಟ್ಟಿಗೆ, ತಲೆಯ ಮೇಲೆ ಕಪಾಟು. ಒಂದು ಮೂಲೆಯಲ್ಲಿ ಗ್ಯಾಸಿನ ಒಲೆ, ಪಕ್ಕದಲ್ಲಿ ಪಾತ್ರೆ ತೊಳೆಯುವ ತೊಟ್ಟಿ, ಮಂಜುಗಡ್ಡೆಯ ಪೆಟ್ಟಿಗೆ. ಒಂದು ಗೇಣು ಜಾಗವೂ ಅಲ್ಲಿ ವ್ಯರ್ಥವಿಲ್ಲ.

ಮೈಯೊಳಗಿನ ರಚನೆ

ದುರಸ್ತಿ ಮಾಡಬೇಕಾದರೆ ರಚನೆ ತಿಳಿದಿರಬೇಕು. ಎಲ್ಲಕ್ಕೂ ಕೆಳಗೆ ಏಣಿಯ ಆಕಾರದ ಉಕ್ಕಿನ ಚೌಕಟ್ಟು. ಅದರ ಕೆಳಗೆ ಅಚ್ಚು, ಪಟ್ಟಿ ಸ್ಪ್ರಿಂಗು, ಗಾಲಿ. ಚೌಕಟ್ಟಿನ ಮುಂದೆ ನಮ್ಮ ಎತ್ತಿನ ಗಾಡಿಯ ಮೂಕಿಯಂತೆ ಚಾಚಿದ ಭಾಗ. ಇದರ ತುದಿಯ ಕೊಂಡಿಯೇ ಕಾರಿಗೆ ಸೇರುವುದು. ಚೌಕಟ್ಟಿನ ಮೇಲೆ ಪ್ಲೈವುಡ್ಡಿನ ನೆಲ. ನೆಲದ ಅಂಚಿನಿಂದ ಎದ್ದ ಗೋಡೆ ಎಂದರೆ ಮುಕ್ಕಾಲು ಇಂಚು ದಪ್ಪ, ಒಂದೂವರೆ ಇಂಚು ಅಗಲದ ಮರದ ರೀಪುಗಳ ಜಾಲ. ಅದಕ್ಕೆ ಒಳಗಡೆ ತೆಳುವಾದ ಪ್ಲೈವುಡ್ಡು, ಹೊರಗಡೆ ಕಾಗದದ ರಟ್ಟಿನಷ್ಟು ತೆಳುವಾದ ಅಲ್ಯುಮಿನಿಯಮ್ ತಗಡು. ಹೊರಗಿನಿಂದ ನೋಡಿದವರು ಇದು ಲೋಹದ ಗಾಡಿ ಎಂದುಕೊಳ್ಳುವರು. ನಿಜವಾಗಿ ಇದು ತಗಡಿನ ಅಂಗಿ ತೊಟ್ಟ ಮರದ ಮನೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಮಾಡಿನ ತಗಡೂ ಗೋಡೆಯ ತಗಡೂ ಕೂಡುವ ಅಂಚಿನುದ್ದಕ್ಕೂ ಒಂದು ಅಲ್ಯುಮಿನಿಯಮ್ ಪಟ್ಟಿಯನ್ನು ತಿರುಪು ಮೊಳೆಗಳಿಂದ ಬಿಗಿದಿರುತ್ತಾರೆ. ಪಟ್ಟಿಯ ಕೆಳಗೆ ನೀರು ಇಳಿಯದಂತೆ ಮೆತ್ತನೆಯ ಲಪ್ಪವನ್ನು ತುಂಬಿರುತ್ತಾರೆ. ಕಿಟಕಿ, ಬಾಗಿಲು, ಮಾಡಿನ ಗವಾಕ್ಷಿ ಇವುಗಳ ಸುತ್ತಲೂ ಹಾಗೆಯೇ. ಈ ಲಪ್ಪಕ್ಕೆ ಆಯುಷ್ಯ ಕಡಿಮೆ. ಬಿಸಿಲು ಚಳಿಗಳಲ್ಲಿ ಅದು ಒಣಗಿ, ಕುಗ್ಗಿ, ಬಿರುಕು ಬಿಡುತ್ತದೆ. ಮೊಳೆಯ ತೂತಿನಿಂದ ಹನಿಹನಿಯಾಗಿ ಇಳಿದ ನೀರು ರೀಪಿನ ಗುಂಟ ಹರಿದು ಕೆಳಗಿನ ಮೂಲೆಗಳಲ್ಲಿ ನಿಲ್ಲುತ್ತದೆ. ಹೊರಗೆ ತಗಡು, ಒಳಗೆ ಹಲಗೆ. ನಡುವೆ ಸಿಕ್ಕಿದ ತೇವಕ್ಕೆ ಹೋಗಲು ದಾರಿಯಿಲ್ಲ. ಮರವನ್ನು ತಿನ್ನುವ ಬೂಷ್ಟು ಅಲ್ಲಿ ಬೆಳೆಯುತ್ತದೆ. ಶೇಕಡಾ 20ಕ್ಕಿಂತ ಕಡಿಮೆ ತೇವವಿರುವ ಮರಕ್ಕೆ ಈ ಬೂಷ್ಟು ತಗಲುವುದಿಲ್ಲ. ಸದಾ ನೆನೆದ ಮರವನ್ನು ಅದು ಬಿಡುವುದೂ ಇಲ್ಲ. ಕೆಲವು ವರ್ಷಗಳಲ್ಲಿ ರೀಪು ಲಡ್ಡಾಗಿ ಬೆರಳಿನಿಂದ ಪುಡಿ ಮಾಡುವಂತಾಗುತ್ತದೆ. ತಗಡು ಮಾತ್ರ ಹೊರಗೆ ಹೊಳೆಯುತ್ತಲೇ ಇರುತ್ತದೆ.

ಏರ್‌ಸ್ಟ್ರೀಮಿನಂಥ ಗಾಡಿಗಳಲ್ಲಿ ಗೋಡೆಯ ಪಕ್ಕೆಲುಬುಗಳೂ ಅಲ್ಯುಮಿನಿಯಮೇ. ಆದರೂ ಅದರ ನೆಲ ಪ್ಲೈವುಡ್ಡಿನದಾದ್ದರಿಂದ ಸೋರಿದ ನೀರು ನೆಲದ ಅಂಚನ್ನು ತಿನ್ನುತ್ತದೆ. ಯಾವ ಗಾಡಿಯಾದರೂ ಮೊದಲ ಶತ್ರು ನೀರೇ.

ಕೊಳ್ಳುವ ಮೊದಲು

ಬಣ್ಣ ನೋಡಿ ಗಾಡಿ ಕೊಳ್ಳಬಾರದು. ಮಾರುವವನು ಹೊಸ ಬಣ್ಣ ಬಳಿದಿದ್ದರೆ ಅಷ್ಟರಮಟ್ಟಿಗೆ ಹೆಚ್ಚು ಎಚ್ಚರ ಬೇಕು. ಬಾಗಿಲು ತೆರೆದೊಡನೆ ಮುಗ್ಗಲು ವಾಸನೆ ಬರುವುದೋ ನೋಡಬೇಕು. ಒಳಗಿನ ಹಲಗೆಯ ಮೇಲೆ, ಅದರಲ್ಲೂ ಕಿಟಕಿಯ ಕೆಳಗೆ ಮತ್ತು ನಾಲ್ಕು ಮೂಲೆಗಳಲ್ಲಿ, ಕಪ್ಪು ಕಲೆಗಳಿವೆಯೇ? ಆಸನದ ಪೆಟ್ಟಿಗೆಯ ಮುಚ್ಚಳ ತೆಗೆದು, ಮೂಲೆಯ ಮರಕ್ಕೆ ದಬ್ಬಳದಿಂದ ಚುಚ್ಚಿದರೆ ಅದು ಗಟ್ಟಿಯಾಗಿ ತಡೆಯುವುದೋ, ಬೆಣ್ಣೆಯಂತೆ ಬಿಟ್ಟುಕೊಡುವುದೋ? ನೆಲ ಕಾಲಿಗೆ ಮೆತ್ತಗೆ ತಗಲುವುದೇ? ಗಾಡಿಯ ಕೆಳಗೆ ನುಸುಳಿ ಉಕ್ಕಿನ ಚೌಕಟ್ಟಿಗೆ ತುಕ್ಕು ಮೇಲುಮೇಲಿನದೋ, ಪದರುಪದರಾಗಿ ಏಳುವಷ್ಟು ಆಳವಾದುದೋ ಎಂದು ನೋಡತಕ್ಕದ್ದು. ಕೊನೆಯದಾಗಿ ಕಾಗದಪತ್ರ: ಒಡೆತನದ ದಾಖಲೆಯಿಲ್ಲದ ಗಾಡಿಯನ್ನು ಸೋವಿಯೆಂದು ಕೊಂಡವರು ಅದನ್ನು ರಸ್ತೆಗಿಳಿಸಲು ಕಛೇರಿಗಳ ಮೆಟ್ಟಿಲು ಸವೆಸಬೇಕಾಗುತ್ತದೆ.

ಕೆಲಸದ ಕ್ರಮ

ಮೊದಲನೆಯದು ದಾಖಲೆ. ಒಂದು ಮೊಳೆಯನ್ನು ಬಿಚ್ಚುವ ಮುಂಚೆ ಎಲ್ಲ ಕಡೆಯ ಫೋಟೋ ತೆಗೆದು, ಅಳತೆಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಬಿಚ್ಚಿದ ಪ್ರತಿಯೊಂದು ಸಾಮಾನಿಗೆ ಚೀಟಿ ಅಂಟಿಸಿ ನಂಬರು ಹಾಕಬೇಕು. ಲಡ್ಡಾದ ರೀಪನ್ನೂ ಎಸೆಯಕೂಡದು. ಗೋಡೆಯ ಆ ಬಾಗನ್ನು ಹೊಸ ಮರದಲ್ಲಿ ಕೊಯ್ಯಲು ಅದೇ ಮಾದರಿ. ಈ ಗಾಡಿಗಳಿಗೆ ನಕಾಶೆ ಅಂಗಡಿಯಲ್ಲಿ ಸಿಗುವುದಿಲ್ಲ. ಹಳೆಯ ತುಂಡೇ ನಕಾಶೆ.

ಎರಡನೆಯದು ಬಿಚ್ಚುವುದು. ಅಂಚಿನ ಪಟ್ಟಿ, ಕಿಟಕಿ, ಬಾಗಿಲು, ಆಮೇಲೆ ತಗಡು ಎಂಬ ಕ್ರಮದಲ್ಲಿ ಬಿಚ್ಚುವರು. ಆದರೆ ಎಲ್ಲವನ್ನೂ ಒಂದೇ ದಿನ ಬಿಚ್ಚಿ ಹಾಕಬಾರದು. ತಗಡೂ ಒಳಹಲಗೆಯೂ ಕೂಡಿಯೇ ಆ ಸಣ್ಣ ರೀಪುಗಳನ್ನು ನೆಟ್ಟಗೆ ನಿಲ್ಲಿಸಿರುವುದರಿಂದ, ಎರಡನ್ನೂ ತೆಗೆದರೆ ಮನೆ ವಾಲುತ್ತದೆ. ಆಮೇಲೆ ಬಾಗಿಲು ಚೌಕಟ್ಟಿಗೆ ಕೂಡುವುದಿಲ್ಲ. ಆದಕಾರಣ ಒಳಗೆ ಅಡ್ಡಪಟ್ಟಿಗಳ ಆಸರೆ ಕೊಟ್ಟು, ಒಂದು ಮಗ್ಗುಲು ಮುಗಿಸಿ ಇನ್ನೊಂದಕ್ಕೆ ಕೈ ಹಾಕುವುದು ಉತ್ತಮ. ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸುವುದೂ ಅಪಾಯಕರ. ಅಮೇರಿಕದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕೆ ಹಿಂದಿನ ಬಣ್ಣದಲ್ಲಿ ಸೀಸವಿರಬಹುದು. ಅದರ ಧೂಳು ಮಕ್ಕಳಿಗೆ ವಿಶೇಷವಾಗಿ ಕೆಡುಕು.

ಮೂರನೆಯದು ಮರ. ಲಡ್ಡಾದ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕೊಯ್ದು ತೆಗೆದು, ಅದೇ ದಪ್ಪದ ಹೊಸ ರೀಪನ್ನು ಅಂಟು ಮತ್ತು ತಿರುಪು ಮೊಳೆಗಳಿಂದ ಕೂಡಿಸುವರು. ಕೊಳೆತ ಮರದ ಮೇಲೆ ಲಪ್ಪ ಮೆತ್ತಿ ಮುಚ್ಚುವವರೂ ಇದ್ದಾರೆ. ಮುಚ್ಚಿದ ಹುಣ್ಣು ಒಳಗೊಳಗೇ ಕೀವಾದಂತೆ ಅದು ಮತ್ತೆ ಹಬ್ಬುತ್ತದೆ. ನೆನೆದ ಮರ ಪೂರ್ಣ ಒಣಗುವ ತನಕ ತಗಡು ಹೊದಿಸಕೂಡದು.

ನಾಲ್ಕನೆಯದು ಗಾಲಿ ಮತ್ತು ಚೌಕಟ್ಟು. ತುಕ್ಕು ಕೆರೆದು ಬಣ್ಣ ಕೊಟ್ಟು, ಬೇರಿಂಗುಗಳನ್ನು ತೊಳೆದು ಹೊಸ ಗ್ರೀಸು ತುಂಬಬೇಕು. ಬ್ರೇಕನ್ನು ಪರೀಕ್ಷಿಸಬೇಕು. ಟಯರಿನ ಮೇಲಿನ ಗೀರು ಸವೆಯದಿದ್ದರೂ ರಬ್ಬರು ವಯಸ್ಸಾಗಿ ಸೀಳಬಹುದು. ಟಯರಿನ ವಯಸ್ಸನ್ನು ತಿಳಿಯುವುದು ಸುಲಭ. 2000ದಿಂದೀಚೆಗೆ ಅದರ ಮಗ್ಗುಲಲ್ಲಿ ನಾಲ್ಕು ಅಂಕೆಗಳ ಗುರುತಿರುತ್ತದೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದುದೆಂದರ್ಥ. ನಮ್ಮ ವಾಚಕರಲ್ಲಿ ಸ್ಕೂಟರು, ಕಾರು ಉಳ್ಳವರು ತಮ್ಮ ಟಯರುಗಳಲ್ಲಿ ಇದನ್ನು ಓದಿ ನೋಡಬಹುದು.

ಐದನೆಯದು ಮತ್ತೆ ಹೊದಿಸುವುದು. ಮೇಲಿನ ತಗಡಿನ ಅಂಚು ಕೆಳಗಿನದರ ಮೇಲೆ ಬರುವಂತೆ, ಅಂದರೆ ಮಂಗಳೂರು ಹೆಂಚು ಹೊದಿಸುವ ನ್ಯಾಯದಲ್ಲಿ, ಕೆಳಗಿನಿಂದ ಮೇಲಕ್ಕೆ ಹೊದಿಸುವರು. ಹಳೆಯ ಲಪ್ಪದ ಬದಲು ಇಂದು ಬ್ಯೂಟೈಲ್ ಎಂಬ ರಬ್ಬರಿನ ಅಂಟುಪಟ್ಟಿ ಬಳಸುವರು. ಅದು ಬಹುಕಾಲ ಮೆತ್ತಗೇ ಇರುತ್ತದೆ. ತುಕ್ಕು ಹಿಡಿದ ಹಳೆಯ ಮೊಳೆಗಳನ್ನು ಮತ್ತೆ ಹಾಕುವುದು ಸುಳ್ಳು ಉಳಿತಾಯ. ಎಲ್ಲ ಮುಗಿದ ಮೇಲೆ ನೀರಿನ ಪರೀಕ್ಷೆ: ಒಬ್ಬರು ದೀಪ ಹಿಡಿದು ಒಳಗೆ ಕೂಡುವುದು, ಇನ್ನೊಬ್ಬರು ಹೊರಗಿನಿಂದ ಕೊಳವೆಯಲ್ಲಿ ನೀರು ಬಿಡುವುದು. ಮೊದಲು ಕೆಳಭಾಗಕ್ಕೆ, ಕ್ರಮೇಣ ಮೇಲಕ್ಕೆ ಬಿಟ್ಟರೆ ಯಾವ ಸಂದಿನಲ್ಲಿ ಸೋರುವುದೆಂದು ಖಚಿತವಾಗಿ ತಿಳಿಯುವುದು. ಒಳಹಲಗೆ ಹೊಡೆಯುವ ಮುಂಚೆಯೇ ಈ ಪರೀಕ್ಷೆ ನಡೆದರೆ ಇನ್ನೂ ಒಳ್ಳೆಯದು.

ಬೆಂಕಿ, ಗ್ಯಾಸು, ವಿದ್ಯುತ್ತು

ಇಷ್ಟು ಚಿಕ್ಕ ಕೋಣೆಯಲ್ಲಿ ಮಲಗುವುದರಿಂದ ಈ ವಿಷಯದಲ್ಲಿ ಉದಾಸೀನ ಸಲ್ಲದು. ಆ ಕಾಲದ ವಿದ್ಯುತ್ ತಂತಿಗಳಿಗೆ ಅನೇಕ ವೇಳೆ ಭೂಸಂಪರ್ಕದ ಮೂರನೆಯ ತಂತಿ ಇರುತ್ತಿರಲಿಲ್ಲ. ತಗಡಿನ ಮನೆಗೆ ತಂತಿ ತಗಲಿದರೆ ಮನೆಯೆಲ್ಲ ವಿದ್ಯುತ್ತು. ಆದ್ದರಿಂದ ಹಳೆಯ ತಂತಿಯನ್ನು ತೆಗೆಸಿ, ಬಲ್ಲವರಿಂದ ಹೊಸದನ್ನು ಹಾಕಿಸಬೇಕು. ಗ್ಯಾಸಿನ ಕೊಳವೆ, ರೆಗ್ಯುಲೇಟರುಗಳೂ ಹೊಸವೇ ಬೇಕು. ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುವುದೋ ನೋಡಬೇಕು. ಕಡ್ಡಿ ಗೀರಿ ಎಂದೂ ನೋಡಬಾರದು. ಈ ಗ್ಯಾಸು ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲದಲ್ಲೇ ನಿಲ್ಲುತ್ತದೆ. ಚಳಿಗೆಂದು ಅಡುಗೆಯ ಒಲೆಯನ್ನೇ ಉರಿಸಿಟ್ಟು ಕಿಟಕಿ ಮುಚ್ಚಿ ಮಲಗುವುದು ಪ್ರಾಣಕ್ಕೆ ಎರವಾಗುವ ಕೆಲಸ. ಸರಿಯಾಗಿ ಉರಿಯದ ಬೆಂಕಿಯಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಸಾರುವ ಗಂಟೆಯೊಂದನ್ನು ಗೋಡೆಗೆ ಹಾಕಿಸಬೇಕು. ಸಾಬೂನಿನ ಪರೀಕ್ಷೆಯೂ ಕಿಟಕಿಯ ಎಚ್ಚರಿಕೆಯೂ ನಮ್ಮ ನಿಮ್ಮ ಅಡುಗೆಮನೆಗೂ ಅಷ್ಟೇ ಸಲ್ಲುವ ಮಾತು.

ಮುಂಭಾರ, ಹಿಂಭಾರ

ಎತ್ತಿನ ಗಾಡಿ ಹೂಡಿ ಬಲ್ಲವರಿಗೆ ಮುಂಭಾರ ಹಿಂಭಾರಗಳ ಲೆಕ್ಕ ಗೊತ್ತು. ಹಿಂಭಾರವಾದರೆ ನೊಗ ಎತ್ತುಗಳ ಕೊರಳನ್ನು ಮೇಲಕ್ಕೆತ್ತುತ್ತದೆ; ಮುಂಭಾರ ಮಿತಿಮೀರಿದರೆ ಹೆಗಲು ಕೆಡುತ್ತದೆ. ಟ್ರೇಲರಿಗೂ ಇದೇ ನಿಯಮ. ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಮೂಕಿಯ ಮೇಲೆ ಬೀಳಬೇಕು. ಅಂದರೆ 2,000 ಪೌಂಡಿನ ಗಾಡಿಗೆ 200ರಿಂದ 300 ಪೌಂಡು. ಹಿಂಭಾರವಾದ ಟ್ರೇಲರು ವೇಗದಲ್ಲಿ ಹಾವಿನಂತೆ ಅತ್ತಿತ್ತ ಬಳುಕಿ, ಎಳೆಯುವ ಕಾರನ್ನೂ ಉರುಳಿಸಬಲ್ಲುದು. ಆದ್ದರಿಂದ ದುರಸ್ತಿ ಮಾಡುವವರು ಹೊಸ ಸಾಮಾನನ್ನು ಹಿಂಬದಿಗೆ ಸೇರಿಸುವ ಮುಂಚೆ ತೂಕ ಹಾಕಿ ನೋಡಬೇಕು.

ಎಲ್ಲಿ ಕೈಬಿಡಬೇಕು

ಕೊನೆಯ ಕೆಲಸ ಅಲಂಕಾರ: ಒಳಹಲಗೆಗೆ ಅರಗಿನ ಮೆರುಗು, ಕಿಟಕಿಗೆ ಪರದೆ, ಹೊರಗೆ ಆ ಕಾಲದ ಎರಡು ಬಣ್ಣದ ಪಟ್ಟೆ. ಬಹುಮಂದಿ ಇದನ್ನೇ ಮೊದಲು ಮಾಡಲು ಹೋಗುವರು. ಬಣ್ಣಕ್ಕೆ ಒಂದು ವಾರ ಸಾಕು. ಮರಕ್ಕೆ ರಜಾದಿನಗಳೆಲ್ಲ ಕೂಡಿ ಒಂದೆರಡು ವರ್ಷ ಹಿಡಿಯುವುದುಂಟು. ಆದರೆ ಲಡ್ಡಾದ ರೀಪಿನ ಮೇಲೆ ಬಣ್ಣ ಬಳಿದ ಗಾಡಿ ಹೆದ್ದಾರಿಯ ಗಾಳಿಗೆ ಸಿಕ್ಕಾಗ ಮಾಡು ಕಳಚುತ್ತದೆ, ಗೋಡೆ ಬಾಯಿ ಬಿಡುತ್ತದೆ. ಹಿಂದೆ ಬರುವ ಇನ್ನೊಬ್ಬರ ಸಂಸಾರಕ್ಕೂ ಅದರಿಂದ ಅಪಾಯ. ಅಂಥ ಗಾಡಿಯನ್ನು ಅರಿಯದೆ ಕೊಂಡವರ ಹಣವೂ ಹೋಯಿತು, ಪ್ರಯಾಣವೂ ನಿಂತಿತು.

ಉಕ್ಕಿನ ಚೌಕಟ್ಟು ಪದರೆದ್ದು, ನೆಲವೂ ನಾಲ್ಕು ಮೂಲೆಗಳೂ ಹೋಗಿದ್ದರೆ, ಅಂಥದನ್ನು ಕೊಳ್ಳದಿರುವುದೇ ಲೇಸು. ಕೊಂಡಿದ್ದರೆ ಅದರ ಕಿಟಕಿ, ಒಲೆ, ದೀಪಗಳನ್ನು ಬಿಚ್ಚಿ ಇನ್ನೊಂದು ಗಾಡಿಗೆ ಬಳಸಬಹುದು. ಚೌಕಟ್ಟು ಗಟ್ಟಿಯಾಗಿದ್ದು ಒಂದೆರಡು ಮೂಲೆ ಮಾತ್ರ ಕೆಟ್ಟಿದ್ದರೆ, ತಾಳ್ಮೆಯುಳ್ಳ ಸಾಮಾನ್ಯ ಮನುಷ್ಯನೂ ಅದನ್ನು ಉಳಿಸಬಲ್ಲ. ವಿದೇಶದಲ್ಲಿರುವ ಮಕ್ಕಳೋ ಬಂಧುಗಳೋ ಇಂಥ ಗಾಡಿಯನ್ನು ಕೊಳ್ಳುವೆವೆಂದು ಬರೆದರೆ, ದಬ್ಬಳವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿರೆಂದು ವಾಚಕರು ಉತ್ತರ ಬರೆಯಬಹುದು. ಮುಂಬಯಿಯಲ್ಲಿರುವ ನಮಗಂತೂ ಜೂನ್ ಬರುವ ಮುನ್ನ ಮಾಡಿನ ಸಂದುಗಳನ್ನು ನೋಡಿಕೊಳ್ಳುವುದು ಹೊಸತಲ್ಲ. ಗೋಡೆಗೆ ಸುಣ್ಣ ಬಳಿಸುವುದು ಆಮೇಲಿನ ಮಾತು. ಈ ಕ್ರಮವನ್ನು ವಾಚಕರು ನೆನಪಿನಲ್ಲಿಟ್ಟರೆ ನಮ್ಮ ಶ್ರಮ ಸಾರ್ಥಕವಾಯಿತೆಂದು ಭಾವಿಸುವೆವು.